ಪತ್ರಿಕೆಯೊಳಗಿನ ಸಂವಿಧಾನ

ರಾಷ್ಟ್ರಪತಿ ಆಳ್ವಿಕೆಗೆ ದಾರಿ ಮಾಡುವ ಸಂವಿಧಾನದ 356ನೇ ವಿಧಿಯನ್ನು ಬಾಯಿಪಾಠ ಮಾಡಿಸಿದರೆ ಅದು ವಿದ್ಯಾರ್ಥಿಗೆ ಪರೀಕ್ಷೆ ಮುಗಿಯುವವರೆಗಷ್ಟೇ ನೆನಪಿರುತ್ತದೆ. 2018ರ ಮೇ ತಿಂಗಳ ಪತ್ರಿಕೆಗಳನ್ನು ತರಗತಿಯ ಮೇಜಿನ ಮೇಲೆ ಹರಡಿ ನೋಡಿ. ಕರ್ನಾಟಕ ವಿಧಾನಸಭಾ ಚುನಾವಣೆಯಲ್ಲಿ ಯಾರಿಗೂ ಬಹುಮತ ಕೊಡದ ಫಲಿತಾಂಶ, ಬಲ ಸಾಬೀತಿಗೆ ಮುಖ್ಯಮಂತ್ರಿ ಯಡಿಯೂರಪ್ಪನವರಿಗೆ ರಾಜ್ಯಪಾಲರು ಕೊಟ್ಟ 15 ದಿನ, ನಡುರಾತ್ರಿ ವಿಚಾರಣೆಗೆ ಕುಳಿತ ಸುಪ್ರೀಂ ಕೋರ್ಟ್. ಮೇ 18ರಂದು ನ್ಯಾಯಾಲಯ, ಮರುದಿನ ಸಂಜೆ 4 ಗಂಟೆಗೇ ಸದನದಲ್ಲಿ ಬಹುಮತ ತೋರಿಸಿ ಎಂದಿತು. ಮತಕ್ಕೆ ಹಾಕುವ ಮೊದಲೇ ಯಡಿಯೂರಪ್ಪ ರಾಜೀನಾಮೆ ಕೊಟ್ಟರು.

ಸದನದಲ್ಲೇ ಯಾಕೆ? ಹುಡುಗರು ಹೀಗೆ ಕೇಳಿದ ಗಳಿಗೆಯೇ ಬೊಮ್ಮಾಯಿ ಪ್ರಕರಣವನ್ನು ಬಿಡಿಸಿಡಬೇಕು. 1989ರ ಏಪ್ರಿಲ್‌ನಲ್ಲಿ ಆಗಿನ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ ಸದನದಲ್ಲಿ ಬಹುಮತ ತೋರಿಸುವ ಅದೇ ಅವಕಾಶ ಕೇಳಿದ್ದರು. ಸಿಗಲಿಲ್ಲ, 356ನೇ ವಿಧಿಯಡಿ ಸರ್ಕಾರ ವಜಾ ಆಯಿತು. ಬಹುಮತದ ತೀರ್ಮಾನ ಸದನದಲ್ಲೇ ಆಗಬೇಕೆಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 1994ರಲ್ಲಿ ಹೇಳಿತು. ಅಷ್ಟರಲ್ಲಿ ಆ ವಿಧಾನಸಭೆಯ ಕಾಲವೇ ಮುಗಿದಿತ್ತು.

ಇಂಥ ಚರ್ಚೆಯಲ್ಲಿ ಪಕ್ಷ ರಾಜಕೀಯ ನುಸುಳುತ್ತದೆಂದು ಕೆಲವು ಮೇಷ್ಟರು ಹಿಂಜರಿಯುತ್ತಾರೆ. ನುಸುಳಲಿ. ನಿಮಗೆ ಮೆಚ್ಚಿನ ಪಕ್ಷ ಆ ಜಾಗದಲ್ಲಿದ್ದಿದ್ದರೂ ಇದೇ ವಾದ ಮಾಡುತ್ತಿದ್ದಿರಾ ಎಂದು ಕೇಳಿ, ಉತ್ತರಕ್ಕೆ ಕಾಯಿರಿ. ಕಾನೂನು ಕಲಿಸುವ ಗೆಳೆಯರೇ, ಆ ಪ್ರಶ್ನೆಯನ್ನು ಮಾತ್ರ ಬಿಡಬೇಡಿ.