ಅಗ್ಗದ ಬಸ್ಸೋ, ವೇಗದ ರೈಲೋ?

ಮಗ ಜರ್ಮನಿಯಲ್ಲಿ ಓದ್ತಿದಾನೆ, ಮಗಳು ಪ್ಯಾರಿಸ್‌ನಲ್ಲಿ ಕೆಲಸಕ್ಕಿದಾಳೆ ಅನ್ನೋ ಮನೆಗಳು ಈಗ ದಾವಣಗೆರೆಯಲ್ಲೂ ಇವೆ, ಶಿರಸಿಯಲ್ಲೂ ಇವೆ. ಜರ್ಮನಿಯಲ್ಲಿ ಓದುವ ವಿದೇಶಿ ವಿದ್ಯಾರ್ಥಿಗಳಲ್ಲಿ ಇವತ್ತು ಅತಿ ಹೆಚ್ಚು ಇರೋರು ಭಾರತೀಯರೇ. ರಜೆ ಬಂತು ಅಂದ್ರೆ ಆ ಮಕ್ಕಳಿಗೊಂದು ಪ್ರಶ್ನೆ: ಊರು ನೋಡೋಕೆ ಬಸ್ಸಲ್ಲಿ ಹೋಗೋದಾ, ರೈಲಲ್ಲಾ? ಮಕ್ಕಳನ್ನು ನೋಡಿಬರೋಣ ಅಂತ ಹೊರಟ ಅಪ್ಪ ಅಮ್ಮನಿಗೂ ಇದೇ ಪ್ರಶ್ನೆ.

ಮೊದಲು ನಮ್ಮ ತಲೆಯಲ್ಲಿರೋ ಲೆಕ್ಕವನ್ನು ತಿರುಗಿಸಿ ಹಾಕಬೇಕು. ಹಬ್ಬದ ಹಿಂದಿನ ದಿನ ಬೆಂಗಳೂರಿಂದ ಹುಬ್ಬಳ್ಳಿಗೆ ಖಾಸಗಿ ಸ್ಲೀಪರ್ ಬಸ್ಸಿನ ದರ ನೋಡಿ, ಎದೆ ಹಿಡ್ಕೊಂಡು ರೈಲಿನ ವೇಟಿಂಗ್ ಲಿಸ್ಟ್ ಕಡೆ ಓಡೋರು ನಾವು. ಅಲ್ಲಿ ಉಲ್ಟಾ. ಅಲ್ಲಿ ಬಸ್ಸೇ ಕಾಸಿಲ್ಲದವರ ಗಾಡಿ. ವೇಗದ ರೈಲಿನ ಟಿಕೆಟ್ಟು ವಿಮಾನದ ಟಿಕೆಟ್ಟಿನ ಹಾಗೆ, ಪ್ರಯಾಣದ ದಿನ ಹತ್ತಿರ ಬಂದಂತೆ ಏರುತ್ತೆ.

ಈ ಅಗ್ಗದ ಬಸ್ಸು ತಾನಾಗಿ ಬಂದದ್ದಲ್ಲ. ಜರ್ಮನಿಯಲ್ಲಿ 1930ರ ದಶಕದ ಕಾನೂನೊಂದು ರೈಲ್ವೆಯನ್ನು ಕಾಯುತ್ತಿತ್ತು. ರೈಲು ಓಡುವ ದಾರಿಯಲ್ಲಿ ದೂರದ ಬಸ್ಸು ಬಿಡಲು ಅನುಮತಿ ಸಿಗುವುದೇ ಅಪರೂಪ. 2013ರ ಜನವರಿ 1ರಂದು ಆ ಬಾಗಿಲು ತೆರೆಯಿತು. ಫ್ರಾನ್ಸ್ 2015ರಲ್ಲಿ ತೆರೆಯಿತು. ಆಗ ಅಲ್ಲಿ ಅರ್ಥ ಸಚಿವರಾಗಿದ್ದವರು ಎಮ್ಯಾನುಯೆಲ್ ಮ್ಯಾಕ್ರನ್. ಮ್ಯೂನಿಕ್‌ನಲ್ಲಿ ಹುಟ್ಟಿದ ಫ್ಲಿಕ್ಸ್‌ಬಸ್ ಈ ಅವಕಾಶದಲ್ಲೇ ಬೆಳೆಯಿತು. ಬಹುತೇಕ ಬಸ್ಸುಗಳು ಅದರದ್ದಲ್ಲ, ಸ್ಥಳೀಯ ಮಾಲೀಕರದ್ದು. ಬಣ್ಣ, ಆ್ಯಪ್, ದರ ಮಾತ್ರ ಕಂಪನಿಯದ್ದು. 2024ರಲ್ಲಿ ಅದೇ ಹಸಿರು ಬಸ್ಸು ಬೆಂಗಳೂರಿಗೂ ಬಂತಲ್ಲ!

ಹಾಗಾದ್ರೆ ಯಾವುದು ಸರಿ? ಎಲ್ಲ ದಾರಿಗೂ ಒಂದೇ ಉತ್ತರ ಹೇಳೋರನ್ನು ನಂಬಬೇಡಿ. ಪ್ಯಾರಿಸ್‌ನಿಂದ ಲಿಯೋನ್‌ಗೆ ಟಿಜಿವಿ ರೈಲು ಸುಮಾರು ಎರಡು ಗಂಟೆ. 1981ರಿಂದಲೇ ಅಲ್ಲಿ ವೇಗದ ಹಳಿ ಇದೆ. ಬಸ್ಸಿಗೆ ಆರು ಗಂಟೆ ಇಡಿ. ಮ್ಯಾಡ್ರಿಡ್–ಬಾರ್ಸಿಲೋನಾ ರೈಲಲ್ಲಿ ಎರಡೂವರೆ–ಮೂರು ಗಂಟೆ. 2021ರಿಂದ ಅಲ್ಲಿ ರೈಲು ಕಂಪನಿಗಳೇ ಪರಸ್ಪರ ಪೈಪೋಟಿಗಿಳಿದು ದರ ಇಳಿಸಿವೆ. ಇಂಥ ಕಡೆ ಬಸ್ಸು ಹತ್ತೋಕೆ ಕಾರಣ ಬೇಕು. ಆದ್ರೆ ಪ್ರಾಗ್–ಮ್ಯೂನಿಕ್ ನೋಡಿ. ವೇಗದ ಹಳಿಯೇ ಇಲ್ಲ. ಬಸ್ಸು ಐದು ಗಂಟೆಯ ಆಸುಪಾಸಿನಲ್ಲಿ ಮುಟ್ಟಿಸುತ್ತೆ, ರೈಲು ಅದಕ್ಕಿಂತ ಬೇಗ ಏನೂ ಹೋಗಲ್ಲ. ಕ್ರೊಯೇಷಿಯಾದ ಡುಬ್ರಾವ್ನಿಕ್‌ಗಂತೂ ರೈಲೇ ಇಲ್ಲ!

ನಾನು ಕಂಡಂತೆ ಜನ ಮೋಸ ಹೋಗೋದು ರಾತ್ರಿ ಬಸ್ಸಲ್ಲಿ. 'ಹೋಟೆಲ್ ಖರ್ಚು ಉಳೀತು' ಅಂತಾರೆ. ನಮ್ಮವರ ಕಣ್ಣಲ್ಲಿ ರಾತ್ರಿ ಬಸ್ಸು ಅಂದ್ರೆ ಮಲಗೋ ಬಸ್ಸು. ಅಲ್ಲಿ ಸಾಮಾನ್ಯವಾಗಿ ಮಲಗೋ ಬರ್ತ್ ಇಲ್ಲ, ಬರೀ ಸೀಟು. ನಾಲ್ಕೂವರೆ ಗಂಟೆ ಓಡಿಸಿದ ಚಾಲಕ 45 ನಿಮಿಷ ವಿರಾಮ ತಗೊಳ್ಳಲೇಬೇಕು, ಅದು ಕಾನೂನು, ಒಳ್ಳೆಯ ಕಾನೂನು. ಇಬ್ಬರು ಚಾಲಕರಿಲ್ಲದ ಬಸ್ಸು ನಡುರಾತ್ರಿ ಹೆದ್ದಾರಿಯ ಪೆಟ್ರೋಲ್ ಬಂಕಲ್ಲಿ ನಿಲ್ಲುತ್ತೆ, ಲೈಟು ಹತ್ತುತ್ತೆ, ನಿಮ್ಮ ನಿದ್ದೆ ಹಾರಿತು. ಬೆಳಗಿನ ಜಾವ ಐದಕ್ಕೆ ಇಳಿದರೆ ರೂಮು ಕೊಡೋದು ಮಧ್ಯಾಹ್ನದ ಮೇಲೆ. ಇಪ್ಪತ್ತೆರಡರ ಹುಡುಗ ತಡ್ಕೋತಾನೆ. ಮಂಡಿನೋವಿರೋ ಅವನಮ್ಮನನ್ನು ಆ ಚಳಿಯಲ್ಲಿ ಬೆಂಚಿನ ಮೇಲೆ ಕೂರಿಸಿ ಉಳಿಸೋ ಇಪ್ಪತ್ತು ಯೂರೋ ಯಾರಿಗೆ ಬೇಕು, ಹೇಳಿ? ಹೆತ್ತವರಿಗೆ ಹಗಲು ರೈಲು, ಅದೂ ತಿಂಗಳು ಮೊದಲೇ ಬುಕ್ ಮಾಡಿದ್ದು. ಇದರಲ್ಲಿ ನನಗೆ ಎರಡನೇ ಮಾತಿಲ್ಲ.

ರೈಲು ದೇವರೇನಲ್ಲ ಮತ್ತೆ. ಜರ್ಮನ್ ರೈಲು ಅಂದ್ರೆ ಗಡಿಯಾರ ಅನ್ನೋ ಕಾಲ ಹೋಯ್ತು. 2024ರಲ್ಲಿ ಅಲ್ಲಿನ ದೂರದ ರೈಲುಗಳಲ್ಲಿ ಸಮಯಕ್ಕೆ ಬಂದದ್ದು ಶೇ. 62.5 ಮಾತ್ರ. ಆದರೆ ಒಂದು ವ್ಯತ್ಯಾಸ ಇದೆ. ರೈಲು ಒಂದು ಗಂಟೆ ತಡವಾಗಿ ತಲುಪಿದರೆ ಟಿಕೆಟ್ ಹಣದ ಶೇ. 25, ಎರಡು ಗಂಟೆಯಾದರೆ ಶೇ. 50 ಕೇಳೋ ಹಕ್ಕು ಯುರೋಪಿಯನ್ ಒಕ್ಕೂಟದ ಕಾನೂನಲ್ಲೇ ಇದೆ. ವಿಪರೀತ ಹವಾಮಾನದಂಥ ಕಾರಣಗಳನ್ನು ಬಿಟ್ಟು. ದೂರದ ಬಸ್ಸು ಹೊರಡೋದೇ ಎರಡು ಗಂಟೆಗಿಂತ ತಡವಾದ್ರೆ ಹಣ ವಾಪಸ್ ಅಥವಾ ಬೇರೆ ವ್ಯವಸ್ಥೆ ಕೇಳಬಹುದು. ಸಮಯಕ್ಕೆ ಹೊರಟು ದಾರಿಯ ಟ್ರಾಫಿಕ್ಕಲ್ಲಿ ಮೂರು ಗಂಟೆ ಸಿಕ್ಕಿಹಾಕಿಕೊಂಡಿತೋ, ಅಂಥ ಪರಿಹಾರ ಇಲ್ಲ. ಅದೇ ಸಂಜೆ ವಿಮಾನ ಇದ್ದವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಜರ್ಮನಿಯಲ್ಲಿರೋ ವಿದ್ಯಾರ್ಥಿಗಳಿಗೆ ಮೂರನೇ ದಾರಿಯೂ ಇದೆ. 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾದ, 2025ರಲ್ಲಿ 58 ಆದ ತಿಂಗಳ ಪಾಸು. ದೇಶದ ತುಂಬ ಪ್ರಾದೇಶಿಕ ರೈಲು ಹತ್ತಬಹುದು. ಐಸಿಇ ಹತ್ತುವಂತಿಲ್ಲ, ಹತ್ತಿ ಸಿಕ್ಕಿಬಿದ್ದರೆ ದಂಡ. ನಾಲ್ಕು ಕಡೆ ಗಾಡಿ ಬದಲಿಸೋ ತಾಳ್ಮೆ ಇದ್ದವರಿಗೆ ಇದರ ಮುಂದೆ ಬಸ್ಸೂ ದುಬಾರಿ.

ಇನ್ನೊಂದು, ಮಕ್ಕಳಿಗೆ ಇವತ್ತೇ ಫೋನ್ ಮಾಡಿ ಹೇಳಿ. ಷೆಂಗೆನ್ ದೇಶಗಳ ನಡುವೆ ಗಡಿ ತಪಾಸಣೆ ಇಲ್ಲ ಅಂತ ಓದಿರ್ತೀರಿ. 2024ರ ಸೆಪ್ಟೆಂಬರ್‌ನಲ್ಲಿ ಜರ್ಮನಿ ತನ್ನ ಎಲ್ಲ ಭೂಗಡಿಗಳಲ್ಲೂ ತಪಾಸಣೆ ತಂದಿತು. ಪೊಲೀಸರು ಬಸ್ಸನ್ನೂ ಹತ್ತುತ್ತಾರೆ, ರೈಲನ್ನೂ. ಮೊಬೈಲಲ್ಲಿರೋ ಫೋಟೋ ನಂಬಿಕೊಂಡು ಹೊರಡಬಾರದು, ಅಸಲಿ ಪಾಸ್‌ಪೋರ್ಟು, ರೆಸಿಡೆನ್ಸ್ ಪರ್ಮಿಟ್ಟು ಕೈಚೀಲದಲ್ಲೇ ಇರಲಿ. ಪ್ಯಾರಿಸ್‌ನಿಂದ ಲಂಡನ್‌ಗೆ ಅಗ್ಗದ ಬಸ್ ಟಿಕೆಟ್ ಕಂಡ್ರೂ ತಕ್ಷಣ ಒತ್ತಬೇಡಿ. ಬ್ರಿಟನ್ ಷೆಂಗೆನ್‌ನಲ್ಲಿಲ್ಲ, ನಮ್ಮ ಪಾಸ್‌ಪೋರ್ಟಿಗೆ ಅದರ ವೀಸಾ ಬೇರೆಯೇ ಬೇಕು. ವೀಸಾ ಕೈಗೆ ಬಂದಮೇಲೆ ಟಿಕೆಟ್.