ಕೂಸು ಹಾಲಿಗೆ ಬಾಯಿ ಹಾಕದಿದ್ದರೆ



ಬಾಣಂತಿಯನ್ನು ನೋಡಲು ಬಂದವರು "ಎಷ್ಟು ಸಾಧು ಮಗು, ಅಳೋದೇ ಇಲ್ಲ" ಎಂದು ಮೆಚ್ಚುವುದುಂಟು. ಹೊತ್ತುಹೊತ್ತಿಗೆ ಹಾಲು ಕುಡಿಯುತ್ತಿದ್ದರೆ ಸಂತೋಷವೇ. ಆದರೆ ನಿನ್ನೆ ಚುರುಕಾಗಿ ಚೀಪುತ್ತಿದ್ದ ಕೂಸು ಇಂದು ಎದೆಗೆ ಹಚ್ಚಿದರೂ ಬಾಯಿ ಹಾಕದೆ ಜೋತುಬಿದ್ದಿದ್ದರೆ, ರಕ್ತಕ್ಕೆ ಬ್ಯಾಕ್ಟೀರಿಯಾ ಸೋಂಕು ಸೇರಿರಬಹುದು.

ದೊಡ್ಡವರಿಗೆ ಸೋಂಕಾದರೆ ಜ್ವರ, ನಡುಕ, ನೋವು ಎಂದು ಗುರುತು ಹತ್ತಾರು. ಹಸುಗೂಸಿಗೆ ಜ್ವರ ಬರಲೇಬೇಕೆಂದಿಲ್ಲ, ಮೈ ತಣ್ಣಗೂ ಆಗಬಹುದು. ಥರ್ಮಾಮೀಟರಿನಲ್ಲಿ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೂ, 95.9ಕ್ಕಿಂತ ಇಳಿದರೂ ಅಪಾಯ ಒಂದೇ. ಜ್ವರವೆಂದರೆ ಓಡುವ ನಾವು, ತಣ್ಣಗಿನ ಮೈಗೆ ಇನ್ನೊಂದು ದುಪ್ಪಟಿ ಹೊದಿಸಿ ಸುಮ್ಮನಾಗುತ್ತೇವೆ.

ಇನ್ನು ಉಸಿರು. ಮಗು ಅಳದಿರುವಾಗ ಅಂಗಿ ಮೇಲೆತ್ತಿ, ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಅರ್ಧ ನಿಮಿಷ ಎಣಿಸಿ ಇಮ್ಮಡಿ ಮಾಡುವ ಲೆಕ್ಕ ಇಲ್ಲಿ ನಡೆಯದು. ಎಳೆಗೂಸಿನ ಉಸಿರು ತಡೆತಡೆದು ಓಡುವಂಥದ್ದು. 60 ಅಥವಾ ಅದಕ್ಕೂ ಹೆಚ್ಚು ಬಂದರೆ ಮತ್ತೊಮ್ಮೆ ಎಣಿಸಿ. ಆಗಲೂ ಅಷ್ಟೇ ಆದರೆ, ಇಲ್ಲವೇ ಉಸಿರೆಳೆದಾಗ ಪಕ್ಕೆಯ ಕೆಳಗೆ ಗುಳಿ ಬೀಳುತ್ತಿದ್ದರೆ, ಆಸ್ಪತ್ರೆಗೆ ಹೊರಡಿ. ಫಿಟ್ಸ್ ಬಂದರೆ, ಅಂಗಾಲು ತಟ್ಟಿದರೂ ಕೈಕಾಲು ಆಡಿಸದಿದ್ದರೆ, ಎಣಿಸುತ್ತ ಕೂರಲೇಬೇಡಿ.

ಇದನ್ನೆಲ್ಲ ಡಾಕ್ಟರೇ ಹೇಳಬೇಕೆ? ಮಹಾರಾಷ್ಟ್ರದ ಗಡ್‌ಚಿರೋಲಿಯಲ್ಲಿ ಡಾ. ಅಭಯ್ ಬಂಗ್, ಡಾ. ರಾಣಿ ಬಂಗ್ ದಂಪತಿ ಹಳ್ಳಿಯ ಹೆಣ್ಣುಮಕ್ಕಳಿಗೇ ಈ ಗುರುತುಗಳನ್ನು ಕಲಿಸಿದರು, ಆ್ಯಂಟಿಬಯೋಟಿಕ್ ಇಂಜೆಕ್ಷನ್ ಕೊಡುವುದನ್ನೂ ಕಲಿಸಿದರು. 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ವರದಿಯಂತೆ, ಅಲ್ಲಿ ನವಜಾತ ಶಿಶುಗಳ ಸಾವು ಶೇ. 62ರಷ್ಟು ಇಳಿಯಿತು. ಆಸ್ಪತ್ರೆಯಲ್ಲಿ ಹೆತ್ತು ಬಂದವರ ಮನೆಗೆ ಆಶಾ ಕಾರ್ಯಕರ್ತೆ 3ನೇ ದಿನದಿಂದ 42ನೇ ದಿನದವರೆಗೆ ಆರು ಸಲ ಬರುತ್ತಾರಲ್ಲ, ಅದರ ಹಿಂದೆ ಈ ಕೆಲಸವಿದೆ. ಅವರನ್ನು ಬಾಗಿಲಲ್ಲೇ ಮಾತಾಡಿಸಿ ಕಳಿಸಬೇಡಿ.

ಹೆರಿಗೆಗೆ 18 ಗಂಟೆಗೂ ಮೊದಲೇ ನೀರು ಹೋಗಿದ್ದರೆ, ತಾಯಿಗೆ ಆಗ ಜ್ವರವಿದ್ದರೆ, ಮಗು ತಿಂಗಳು ತುಂಬದೆ ಹುಟ್ಟಿದ್ದರೆ, ಮೊದಲ ಮೂರು ದಿನ ಹೆಚ್ಚೇ ಎಚ್ಚರವಿರಲಿ. ಹೊಕ್ಕುಳಿಗೆ ಅರಿಶಿನ, ಎಣ್ಣೆ, ಬೂದಿ ಯಾವುದೂ ಬೇಡ. ಸುತ್ತ ಕೆಂಪಾದರೆ, ಕೀವು ಕಂಡರೆ ತೋರಿಸಿ.

"ದೃಷ್ಟಿ ತಗುಲಿದೆ" ಎಂದು ಅಜ್ಜಿ ನಿವಾಳಿಸುತ್ತೇನೆಂದರೆ ನಿವಾಳಿಸಲಿ, ಜಗಳ ಬೇಡ. ಅಷ್ಟರಲ್ಲಿ ನೀವು 108ಕ್ಕೆ ಫೋನ್ ಮಾಡಿ. ದಾರಿಯುದ್ದಕ್ಕೂ ಮಗು ತಾಯಿಯ ಎದೆಗೆ ಮೈಗೆ ಮೈ ತಾಗಿರಲಿ, ತಲೆಗೆ ಕುಲಾವಿ ಇರಲಿ. ಕೊನೆಯ ಸಲ ಚೆನ್ನಾಗಿ ಹಾಲು ಕುಡಿದದ್ದು ಎಷ್ಟು ಹೊತ್ತಿಗೆ ಎಂಬುದನ್ನು ವೈದ್ಯರಿಗೆ ಮೊದಲು ಹೇಳಿ.