ವಿಳಾಸವಿಲ್ಲದವನೂ ಬೀಗ ಕಾಯಬಲ್ಲ

(ಕನ್ನಡ ಯುವಕರ ಸಭೆಯೊಂದರಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ನಾನು ಕಂಪ್ಯೂಟರ್ ಪಂಡಿತನಲ್ಲ. ಪಿಯುಸಿಗೆ ಓದು ನಿಲ್ಲಿಸಿದವನು. ಅಪ್ಪನ ಕಾಲದ ಟ್ರೆಡಲ್ ಯಂತ್ರದಿಂದ ಇಂದಿನ ಆಫ್‌ಸೆಟ್‌ವರೆಗೆ ಕೈಗೆ ಮಸಿ ಮೆತ್ತಿಕೊಂಡೇ ಬದುಕಿದವನು. ಇಂಥವನು ಮಾಹಿತಿ ಭದ್ರತೆಯ ಬಗ್ಗೆ ಏನು ಮಾತಾಡಿಯಾನು ಎಂದು ನೀವು ನಗಬಹುದು. ನಗಿ. ಆದರೆ ಆ ಕೆಲಸ ನನಗೆ ಗೊತ್ತಿರುವ ಒಂದು ಕೆಲಸದ ಹಾಗೇ ಇದೆ. ಅದು ಕರಡು ತಿದ್ದುವ ಕೆಲಸ. ಬರೆದವನ ಕಣ್ಣಿಗೆ ಬೀಳದ ತಪ್ಪು ಕರಡು ನೋಡುವವನ ಕಣ್ಣಿಗೆ ಬೀಳುತ್ತದೆ. ಆ ಕಣ್ಣಿಗೆ ಡಿಗ್ರಿ ಬೇಕಿಲ್ಲ, ಸ್ವಂತ ಮನೆಯೂ ಬೇಕಿಲ್ಲ.

ಮನೆಯ ಮಾತು ಯಾಕೆ ಬಂತು? ಈ ನಗರದಲ್ಲಿ ಬಸ್‌ ನಿಲ್ದಾಣದಲ್ಲಿ, ಹೋಟೆಲ್ ಅಟ್ಟದಲ್ಲಿ, ನಮ್ಮಂಥವರ ಪ್ರೆಸ್ಸಿನ ಪೇಪರ್ ಬಂಡಲ್‌ಗಳ ಮೇಲೆ ಮಲಗಿ, ಹಗಲು ದುಡಿದು, ರಾತ್ರಿ ಮೊಬೈಲಿನಲ್ಲಿ ಕಂಪ್ಯೂಟರ್ ವಿದ್ಯೆ ಕಲಿಯುವ ಹುಡುಗರಿದ್ದಾರೆ. ನಾನು ಕಣ್ಣಾರೆ ಕಂಡಿದ್ದೇನೆ. ಇವತ್ತಿನ ಮಾತು ಅವರಿಗಾಗಿ.

ಮೊದಲು ಅಮೆರಿಕದ ಒಬ್ಬನ ಕಥೆ ಹೇಳುತ್ತೇನೆ. ಏಡ್ರಿಯನ್ ಲಾಮೋ ಅಂತ. 1981ರಲ್ಲಿ ಹುಟ್ಟಿದವನು. ಅಲ್ಲಿನ ಪತ್ರಿಕೆಗಳು ಅವನನ್ನು ‘ಮನೆಯಿಲ್ಲದ ಹ್ಯಾಕರ್’ ಎಂದೇ ಕರೆದವು. ಗೆಳೆಯರ ಮನೆಯ ಸೋಫಾ, ಪಾಳುಬಿದ್ದ ಕಟ್ಟಡ, ಇವೇ ಅವನ ಬಿಡಾರ. ಊರಿಂದೂರಿಗೆ ಬಸ್ಸು. ಕೈಯಲ್ಲೊಂದು ಹಳೇ ಲ್ಯಾಪ್‌ಟಾಪ್. ಝೆರಾಕ್ಸ್ ಅಂಗಡಿಗಳ ಇಂಟರ್‌ನೆಟ್ಟೇ ಅವನ ಆಫೀಸು. 2001ರಲ್ಲಿ ಯಾಹೂ, ವರ್ಲ್ಡ್‌ಕಾಂನಂಥ ದೊಡ್ಡ ಕಂಪನಿಗಳ ಜಾಲದಲ್ಲಿ ತೂತುಗಳನ್ನು ಹುಡುಕಿ ತೋರಿಸಿದ. ಕಾಸು ಕೇಳಲಿಲ್ಲ. ವರ್ಲ್ಡ್‌ಕಾಂನವರು ಕೃತಜ್ಞತೆಯನ್ನೂ ಹೇಳಿದರು.

ಆದರೆ ಆಮೇಲೆ? 2002ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಒಳಜಾಲಕ್ಕೆ ನುಗ್ಗಿದ. ಅಲ್ಲಿನ ತಜ್ಞ ಬರಹಗಾರರ ಪಟ್ಟಿಯಲ್ಲಿ ತನ್ನ ಹೆಸರನ್ನೂ ಸೇರಿಸಿಟ್ಟ! ಪತ್ರಿಕೆಯವರು ಕೃತಜ್ಞತೆ ಹೇಳಲಿಲ್ಲ. 2003ರಲ್ಲಿ ಪೊಲೀಸರಿಗೆ ಶರಣಾದ, 2004ರಲ್ಲಿ ತಪ್ಪೊಪ್ಪಿಕೊಂಡ. ಸುಮಾರು 65,000 ಡಾಲರ್ ಪರಿಹಾರ, ಆರು ತಿಂಗಳ ಗೃಹಬಂಧನ. ನೋಡಿ ವಿಧಿ! ಮನೆಯಿಲ್ಲದವನೆಂದು ಹೆಸರಾದವನಿಗೆ ಗೃಹಬಂಧನ. ಅಪ್ಪ ಅಮ್ಮನ ಮನೆಯೊಂದು ಇತ್ತು, ಅಲ್ಲಿ ಕಳೆದ. 2018ರಲ್ಲಿ, 37ನೇ ವಯಸ್ಸಿಗೇ ತೀರಿಕೊಂಡ.

ಗೆಳೆಯರೇ, ಇವನನ್ನು ಹೊಗಳಲು ನಾನು ನಿಂತಿಲ್ಲ. ಇವನ ಬುದ್ಧಿಗೆ ಕೊರತೆಯಿರಲಿಲ್ಲ. ಮನೆಯಿಲ್ಲದ್ದೂ ಇವನನ್ನು ಕೆಡಿಸಲಿಲ್ಲ. ಕೆಡಿಸಿದ್ದು ಒಂದೇ: ಅನುಮತಿ ಇಲ್ಲದೆ ಒಳಗೆ ಹೋದದ್ದು. ಕರಡು ತಿದ್ದು ಅಂತ ಕೊಟ್ಟರೆ ತಿದ್ದಬೇಕು. ತಪ್ಪು ಹುಡುಕುತ್ತೇನೆ ಅಂತ ರಾತ್ರಿ ಪ್ರೆಸ್ಸಿನ ಬಾಗಿಲು ಮುರಿದರೆ ಯಾವ ಮಾಲೀಕ ಸುಮ್ಮನಿರುತ್ತಾನೆ?

ನಮ್ಮ ದೇಶದ ಕಾನೂನೂ ಇದನ್ನೇ ಹೇಳುತ್ತದೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಂ ಪ್ರಕಾರ ಅನುಮತಿಯಿಲ್ಲದೆ ಬೇರೆಯವರ ಕಂಪ್ಯೂಟರ್ ಹೊಕ್ಕರೆ ಪರಿಹಾರ ಕಟ್ಟಬೇಕು. ಅದನ್ನೇ ಮೋಸದ ಉದ್ದೇಶದಿಂದ ಮಾಡಿದರೆ 66ನೇ ಕಲಂ ಪ್ರಕಾರ ಮೂರು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಕಟ್ಟಲು ಕಾಸಿಲ್ಲದ, ಜಾಮೀನಿಗೆ ನಿಲ್ಲುವವರಿಲ್ಲದ ಹುಡುಗ ಇದನ್ನು ಎಲ್ಲರಿಗಿಂತ ಮೊದಲು ಬಾಯಿಪಾಠ ಮಾಡಬೇಕು.

ಲಾಮೋನ ಕಾಲದಲ್ಲಿ ಅಪರೂಪವಾಗಿದ್ದ ದಾರಿ ಈಗ ತೆರೆದಿದೆ. ‘ಬನ್ನಿ, ನಮ್ಮ ಜಾಲದಲ್ಲಿ ತಪ್ಪು ಹುಡುಕಿ, ಬಹುಮಾನ ಕೊಡುತ್ತೇವೆ’ ಎಂದು ಕಂಪನಿಗಳೇ ಕರೆಯುತ್ತವೆ. ಬಗ್ ಬೌಂಟಿ ಅಂದರೆ ಇದೇ. 2012ರಲ್ಲಿ ಶುರುವಾದ ಹ್ಯಾಕರ್‌ಒನ್ ಅಂಥದ್ದೊಂದು ವೇದಿಕೆ. ಅರ್ಜೆಂಟೀನಾದ ಸಾಂಟಿಯಾಗೊ ಲೋಪೆಸ್ ತಾನೇ ಕಲಿತು, 2019ರಲ್ಲಿ, 19ರ ಹರೆಯದಲ್ಲೇ, ಅಲ್ಲಿ ಹತ್ತು ಲಕ್ಷ ಡಾಲರ್ ದುಡಿದ ಮೊದಲಿಗನಾದ. ಅವನ ಮೊದಲ ಬಹುಮಾನ ಎಷ್ಟು ಗೊತ್ತೇ? 50 ಡಾಲರ್! ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ ಆನಂದ್ ಪ್ರಕಾಶ್ 2016ರಲ್ಲಿ ಫೇಸ್‌ಬುಕ್‌ನ ಪಾಸ್‌ವರ್ಡ್ ಬದಲಿಸುವ ವ್ಯವಸ್ಥೆಯಲ್ಲಿ ದೋಷ ತೋರಿಸಿ 15,000 ಡಾಲರ್ ಪಡೆದರು. ಆದರೆ ಇದನ್ನೇ ನಂಬಿ ಊಟ ಬಿಡಬೇಡಿ. ಬಹುಮಾನ ಸಂಬಳವಲ್ಲ. ತಿಂಗಳುಗಟ್ಟಲೆ ಒಂದು ಕಾಸೂ ಬರದಿರಬಹುದು. ಹಗಲಿನ ಕೂಲಿ ಕೈಯಲ್ಲಿರಲಿ.

ಕಲಿಯುವುದು ಹೇಗೆ? ಹಳೇ ಆಂಡ್ರಾಯ್ಡ್ ಫೋನ್ ಇದ್ದರೆ ಸಾಕು, ಶುರು ಮಾಡಬಹುದು. ಟರ್ಮಕ್ಸ್ ಎಂಬ ಉಚಿತ ತಂತ್ರಾಂಶ ಹಾಕಿಕೊಂಡರೆ ಲಿನಕ್ಸ್ ಅಪ್ಪಣೆಗಳನ್ನು ಅದರಲ್ಲೇ ಅಭ್ಯಾಸ ಮಾಡಬಹುದು. ‘ಓವರ್‌ದಿವೈರ್’ನ ‘ಬ್ಯಾಂಡಿಟ್’ ಎಂಬ ಆಟ ಉಚಿತ. ಮೆಟ್ಟಿಲು ಮೆಟ್ಟಿಲಾಗಿ ಕಲಿಸುತ್ತದೆ. ಪೋರ್ಟ್‌ಸ್ವಿಗ್ಗರ್‌ನ ವೆಬ್ ಭದ್ರತೆಯ ಪಾಠಗಳೂ ಉಚಿತ. ಅದಕ್ಕೆ ಕಂಪ್ಯೂಟರ್ ಇದ್ದರೆ ಒಳ್ಳೆಯದು. ಕೂತು ಓದಲು ಸಾರ್ವಜನಿಕ ಗ್ರಂಥಾಲಯವಿದೆ. ಅಲ್ಲಿ ನಿಮ್ಮ ಮನೆ ಎಲ್ಲಿ ಎಂದು ಬಾಗಿಲಲ್ಲಿ ಯಾರೂ ತಡೆಯುವುದಿಲ್ಲ.

ಇನ್ನೊಂದು ಮಾತು, ಇದನ್ನು ಬರೆದುಕೊಳ್ಳಿ. ಬೀದಿಯಲ್ಲಿ ಮಲಗುವವನ ಫೋನ್ ಕಳುವಾದರೆ ಫೋನ್ ಮಾತ್ರ ಹೋಗುವುದಿಲ್ಲ. ಓಟಿಪಿ ಹೋಯಿತು, ಇಮೇಲ್ ಹೋಯಿತು, ಕಲಿತದ್ದರ ದಾಖಲೆ ಹೋಯಿತು. ಆದ್ದರಿಂದ ಖಾತೆಯ ಬ್ಯಾಕಪ್ ಕೋಡ್‌ಗಳನ್ನು ಕಾಗದದ ಮೇಲೆ ಬರೆದು, ನಂಬಿಕಸ್ಥರ ಹತ್ತಿರ ಇಡಿ. ಅಂಕಪಟ್ಟಿ, ಆಧಾರ್ ಎಲ್ಲ ಡಿಜಿಲಾಕರ್‌ನಲ್ಲಿರಲಿ. ಇದೇ ನಿಮ್ಮ ಮೊದಲ ಭದ್ರತೆಯ ಪಾಠ. ತನ್ನ ಬೀಗ ಕಾಯದವನು ಊರಿನ ಬೀಗ ಕಾಯುತ್ತಾನೆಯೇ?

ಈಗ ನಿಜವಾದ ಕಂಟಕಕ್ಕೆ ಬರುತ್ತೇನೆ. ಅದು ವಿಳಾಸ! ನನ್ನ ಪ್ರೆಸ್ಸಿನಲ್ಲಿ ಮಲಗುತ್ತಿದ್ದ ಹುಡುಗನೊಬ್ಬ ಒಂದು ಕಂಪನಿಯ ಪರೀಕ್ಷೆ ಪಾಸಾದ, ಸಂದರ್ಶನವೂ ಪಾಸಾದ. ರಾತ್ರಿ ಪಾಳಿಯಲ್ಲಿ ಪರದೆ ನೋಡಿ ದಾಳಿ ಗುರುತಿಸುವ ಕೆಲಸ. ಕೊನೆಗೆ ವಿಳಾಸ ತಪಾಸಣೆಗೆ ಬಂದವನು ‘ಇದು ಮನೆಯಲ್ಲ, ಪ್ರೆಸ್ಸು’ ಎಂದು ಬರೆದುಕೊಂಡು ಹೋದ. ಕೆಲಸ ಬೇರೆಯವನ ಪಾಲಾಯಿತು. ಬುದ್ಧಿ ಇದ್ದೂ ಬಾಗಿಲ ಸಂಖ್ಯೆ ಇಲ್ಲದ್ದಕ್ಕೆ ಅನ್ನ ಹೋಯಿತು. ಇದು ನ್ಯಾಯವೇ?

ದಾರಿಗಳಿವೆ, ಕೇಳಿ ಪಡೆಯಬೇಕು. ಸರಿಯಾದ ದಾಖಲೆ ಇಲ್ಲದವರೂ ಬ್ಯಾಂಕಿನಲ್ಲಿ ಫೋಟೋ, ಸಹಿ ಕೊಟ್ಟು ‘ಸಣ್ಣ ಖಾತೆ’ ತೆರೆಯಬಹುದು. ವರ್ಷಕ್ಕೆ ಒಂದು ಲಕ್ಷ ಜಮಾ, ತಿಂಗಳಿಗೆ ಹತ್ತು ಸಾವಿರ ತೆಗೆಯುವ ಮಿತಿ ಅದಕ್ಕಿದೆ. 2013ರಲ್ಲಿ ಬಂದ ನಗರ ವಸತಿಹೀನರ ಆಶ್ರಯ ಯೋಜನೆ, ಒಂದು ಲಕ್ಷ ಜನಸಂಖ್ಯೆಗೆ ನೂರು ಜನರಿಗಾದರೂ ಸಾಲುವ ಆಶ್ರಯ ಬೇಕೆಂದಿತು. ಅಲ್ಲಿರುವವರಿಗೆ ಗುರುತಿನ ದಾಖಲೆ ಮಾಡಿಸಲು ನೆರವಾಗಬೇಕೆಂದೂ ಹೇಳಿತು. ಅಂಥ ಆಶ್ರಯಕ್ಕೆ ಹೋಗುವುದರಲ್ಲಿ ಅವಮಾನವಿಲ್ಲ. ಅದು ಹಕ್ಕು.

ಮನೆಯಿರುವ ತಮ್ಮಂದಿರೇ, ನಿಮಗೂ ಕೆಲಸವಿದೆ. ನಿಮ್ಮ ಬೀದಿಯಲ್ಲಿ ಇಂಥ ಹುಡುಗ ಇದ್ದರೆ ಮನೆಯವರನ್ನು ಒಪ್ಪಿಸಿ, ಒಂದು ಕೋಣೆ ಹಂಚಿಕೊಳ್ಳಿ. ಅವನಿಗೆ ಬರುವ ಪತ್ರ ನಿಮ್ಮ ಮನೆಗೆ ಬರಲಿ. ಮೂಲೆಯಲ್ಲಿ ಧೂಳು ತಿನ್ನುತ್ತಿರುವ ಹಳೇ ಲ್ಯಾಪ್‌ಟಾಪ್ ಕೊಡಿ. ಬಹುಮಾನ ಕೊಡುವ ಕಂಪನಿಗಳಿಗೆ ವರದಿ ಇಂಗ್ಲಿಷಿನಲ್ಲಿ ಬರೆಯಬೇಕು. ಕನ್ನಡ ಶಾಲೆಯಿಂದ ಬಂದವನಿಗೆ ಅಲ್ಲೇ ಕಾಲು ತಡೆಯುತ್ತದೆ. ಪಕ್ಕ ಕೂತು ನಾಲ್ಕು ಸಾಲು ತಿದ್ದಿಕೊಡಿ. ಫೋನಿನಲ್ಲಿ ಮೋಸಹೋದ ನಮ್ಮ ಅಜ್ಜಿಗೆ ‘1930ಕ್ಕೆ ಕರೆ ಮಾಡಿ ಅಜ್ಜಿ’ ಎಂದು ಕನ್ನಡದಲ್ಲಿ ಧೈರ್ಯ ಹೇಳುವವನು ನಾಳೆ ಅವನೇ.

ಮುಂದಿನ ವಾರ ಇಲ್ಲಿ ಸೇರುವಾಗ ಅಂಥ ಒಬ್ಬನನ್ನಾದರೂ ಕರೆದುಕೊಂಡು ಬನ್ನಿ. ನನ್ನ ಪ್ರೆಸ್ಸಿನ ಕಂಪ್ಯೂಟರ್ ರಾತ್ರಿ ಎಂಟರ ಮೇಲೆ ಖಾಲಿ ಇರುತ್ತದೆ. ಬಂದು ಕೂರಲಿ.